ಬೊಂಬೆಯ ಅಚ್ಚು ಒಣಗಿಸಿದ ಬ್ಯಾರನ್ನು

ನಮ್ಮ ದೊಡ್ಡಪ್ಪನ ಹೊಗೆಸೊಪ್ಪಿನ ಬ್ಯಾರನ್ನಿಗೆ ಎಂಟು ಕಿಂಡಿಗಳಿವೆ. ಆರು ಕೆಳಗೆ, ನೆಲದಿಂದ ಒಂದು ಗೇಣು ಮೇಲೆ. ಎರಡು ಸೂರಿನ ಹತ್ತಿರ. ಆ ದಿನ ಬೆಳಿಗ್ಗೆ ಎಂಟನ್ನೂ ಮುಚ್ಚಿದವಳು ನಾನು. ಮೇಲಿನ ಎರಡನ್ನು ಏಣಿ ಹತ್ತಿ ಮುಚ್ಚಿದೆ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಬಾಯಲ್ಲಿ ಹೇಳುವಾಗೆಲ್ಲ ಬೇರೆಲ್ಲಿಂದಲೋ ಶುರುಮಾಡುತ್ತೇನೆ, ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಮಾತು ನಿಂತುಹೋಗುತ್ತದೆ.

ಬ್ಯಾರನ್ನು ಇರುವುದು ಕಟ್ಟೆಮಳಲವಾಡಿಯ ಹೊರಗೆ, ಹೊಲದ ಅಂಚಿನಲ್ಲಿ. ಸೊಪ್ಪು ಬೇಯಿಸಲೆಂದೇ ಕಟ್ಟಿದ, ಕಿಟಕಿಯಿಲ್ಲದ, ಎತ್ತರದ ಒಂದೇ ಕೋಣೆ. ಹೊರಗೋಡೆಯಲ್ಲಿ ಒಲೆಯ ಬಾಯಿ. ಒಲೆಯ ಶಾಖವನ್ನು ಹೊತ್ತು ಒಳಗೆ ನೆಲದ ಉದ್ದಕ್ಕೂ ಸುತ್ತಿ ಬರುವ ತಗಡಿನ ದಪ್ಪ ಕೊಳವೆ. ದೊಡ್ಡಪ್ಪ ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕತೊಡಗಿದ ಮೇಲೆ ಅದು ಖಾಲಿ ಬಿದ್ದಿತ್ತು. ಅದರ ಮುಂದಿನ ತಗಡಿನ ಚಪ್ಪರದಲ್ಲಿ ಅಕ್ಕ ಬೊಂಬೆ ಮಾಡಲು ಕೂತಳು.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಹುಣಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾಳೆ. ಉಳಿದ ಹೊತ್ತೆಲ್ಲ ಬೊಂಬೆ. ನಾನು ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟಿಗಾಗಿ ಕಾಯುತ್ತ ಮನೆಯಲ್ಲಿದ್ದೆ. ಮರಳುಕಾಗದ ಹಿಡಿದು ಬೊಂಬೆಯ ಕೈಕಾಲು ಉಜ್ಜುವುದು ನನ್ನ ಕೆಲಸ.

ಅಕ್ಕನ ಬೊಂಬೆಗಳು ಆಡುವ ಮಕ್ಕಳ ಬೊಂಬೆಗಳಲ್ಲ. ಮೊಳದುದ್ದ ಇರುತ್ತವೆ, ಮನುಷ್ಯರ ಹಾಗೆ ಕೂರುತ್ತವೆ, ಕೆನ್ನೆಗೆ ಕೈ ಕೊಡುತ್ತವೆ. ತಲೆ, ಎದೆ, ಹೊಟ್ಟೆ, ತೊಡೆ, ಮೊಣಕಾಲು, ಪಾದ ಎಲ್ಲವನ್ನೂ ಬಿಡಿಬಿಡಿಯಾಗಿ ರೆಸಿನ್‌ನಲ್ಲಿ ಎರಕ ಹೊಯ್ಯಬೇಕು. ಒಂದೊಂದು ಕೀಲಿನಲ್ಲೂ ಒಂದು ಗುಂಡು, ಆ ಗುಂಡು ಕೂರುವ ಒಂದು ಬಟ್ಟಲು. ಎಲ್ಲದರ ಹೊಟ್ಟೆಯೊಳಗೂ ಎಲಾಸ್ಟಿಕ್ ದಾರ ಪೋಣಿಸಿ ಎಳೆದು ಕೊಕ್ಕೆ ಹಾಕಿದರೆ ಬೊಂಬೆ ಎದ್ದು ನಿಲ್ಲುತ್ತದೆ. ದಾರ ಸಡಿಲವಾದರೆ ಕೂತಲ್ಲೇ ಕುಸಿಯುತ್ತದೆ. ಬಿಗಿಯಾದರೆ ಇದ್ದಕ್ಕಿದ್ದಂತೆ ಕಾಲು ಝಾಡಿಸಿ ಒದೆಯುತ್ತದೆ. ಆ ಬಿಗಿಯ ಹದ ಅಕ್ಕನ ಬಲಗೈಯ ಬೆರಳುಗಳಿಗೆ ಗೊತ್ತು. ಮುಖಕ್ಕೆ ಬಣ್ಣ ಬರೆಯುವುದೂ ಅದೇ ಕೈ. ಅವಳ ಕೆಲಸವೆಲ್ಲ ಇರುವುದು ಆ ಒಂದು ಕೈಯಲ್ಲಿ.

ಅಕ್ಕನ ಅವ್ವನಿಗೆ, ಎಂದರೆ ನನ್ನ ದೊಡ್ಡವ್ವನಿಗೆ, ಇದೊಂದೂ ಹಿಡಿಸಿರಲಿಲ್ಲ.

"ಅದ್ಯಾಕಮ್ಮಿ ಕೈಕಾಲ್ನೆಲ್ಲ ಮೊರಕ್ಕಾಕಿ ಒಣಗಾಕಿದ್ದೀರಿ? ಬಂದೋರು ನೋಡಿದ್ರೆ ಏನನ್ಕಂಡಾರು?"

"ಸಂಡಿಗೆ ಅನ್ಕೋತಾರೆ ಬುಡವ್ವ," ಎಂದಳು ಅಕ್ಕ.

"ನಿನ್ ಸಂಡಿಗೆಗೆ ಉಗುರು ಬೇರೆ ಅದೆ."

ಆಗ ನಾವು ಮಾಡುತ್ತಿದ್ದುದು ಒಬ್ಬ ಮುದುಕಿಯ ಬೊಂಬೆ. ಮುಖ ದೊಡ್ಡವ್ವನದೇ. ಇದು ದೊಡ್ಡವ್ವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವಳ ಹಾಗೆ ಇದ್ದಳು. ಅಕ್ಕ ಜೇಡಿಯಲ್ಲಿ ಮಾಡಿದ ತಲೆ, ಕೈ, ಕಾಲುಗಳ ಸುತ್ತ ರಬ್ಬರಿನಂಥ ಸಿಲಿಕಾನ್ ಸುರಿದು ಹನ್ನೊಂದು ಅಚ್ಚು ತೆಗೆದಿದ್ದೆವು. ಅಷ್ಟರಲ್ಲಿ ಆಷಾಢ ಬಂತು. ಜೋರು ಮಳೆಯಲ್ಲ, ದಿನವಿಡೀ ಬಿಡದ ಸೋನೆ. ರೆಸಿನ್‌ಗೆ ತೇವ ಆಗದು. ಎರಡು ಡಬ್ಬಿಯ ದ್ರವ ಸೇರಿಸಿ ಅಚ್ಚಿಗೆ ಹೊಯ್ದರೆ ಕೆಲವೇ ನಿಮಿಷಕ್ಕೆ ಗಟ್ಟಿಯಾಗಬೇಕಾದದ್ದು, ಅಚ್ಚಿಗೆ ಪಸೆ ಹತ್ತಿದ್ದರೆ ನೊರೆಯಾಗಿ ಉಬ್ಬುತ್ತದೆ. ಮುದುಕಿಯ ಮೊಣಕಾಲಿನ ಗುಂಡು ಮೂರು ಸಲವೂ ಬನ್ನಿನ ಹಾಗೆ ಬಂತು. ಮೂರನೆಯದನ್ನು ಅಕ್ಕ ಹೊಲಕ್ಕೆ ಎಸೆದಳು.

"ಬ್ಯಾರನ್ನಿಗೆ ಎರಡು ಸೌದೆ ಹಾಕೋಣ. ಅಚ್ಚೆಲ್ಲ ಒಳಗಿಟ್ಟರೆ ಮಧ್ಯಾಹ್ನಕ್ಕೆ ಗರಿಗರಿ ಒಣಗಿರುತ್ತೆ," ಎಂದಳು.

ಯೋಚನೆಯೇನೂ ತಪ್ಪಲ್ಲ, ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಒಣ ಶಾಖವೇ ಬೇಕಾಗಿತ್ತು. ಆದರೆ ಅಚ್ಚಿನೊಳಗೆ ಹಳೆಯ ರೆಸಿನ್ನಿನ ಅಂಟು ಉಳಿದಿತ್ತು. ಅದನ್ನು ತೆಗೆಯಲು ಮೊದಲು ಥಿನ್ನರ್‌ನಲ್ಲಿ ತೊಳೆದೆವು. ಬಾಗಿಲಿಗೆ ಪೇಂಟ್ ಹೊಡೆಯುವವರು ಬಳಸುತ್ತಾರಲ್ಲ, ಅದೇ ಥಿನ್ನರ್. ಸಿಲಿಕಾನ್ ಅದನ್ನು ಕುಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ತೊಳೆದ ಅಚ್ಚುಗಳನ್ನು ಕೊಳವೆಯ ಮೇಲಿನ ಬಿದಿರು ತಟ್ಟಿಯಲ್ಲಿ ಮಗುಚಿಟ್ಟೆವು. ಒರೆಸಿದ ಬಟ್ಟೆಗಳನ್ನು ಪಕ್ಕದಲ್ಲೇ ಹರವಿದೆವು. ಥಿನ್ನರ್ ಡಬ್ಬಿಯೂ ಒಳಗೇ ಮೂಲೆಯಲ್ಲಿ ಉಳಿಯಿತು.

"ಅಕ್ಕ, ಇದು ಬೆಂಕಿಗೆ ಬೇಗ ಹತ್ತುತ್ತೆ," ಎಂದೆ.

"ಬೆಂಕಿ ಹೊರಗಿದೆ ಕಣೇ. ಬಿ.ಎಸ್ಸಿ. ಮೇಡಂ, ಹೋಗಿ ಕಿಂಡಿ ಮುಚ್ಚು."

ಆ ವಾರ ಅದು ನನ್ನ ನಾಲ್ಕನೆಯದೋ ಐದನೆಯದೋ ಎಚ್ಚರಿಕೆ. ಮಾಸ್ಕ್ ಹಾಕು, ಕೈಗವಸು ಹಾಕು ಅಂತ ಹಿಂದೆಯೇ ಸುತ್ತುತ್ತಿದ್ದೆ. ಅವಳಿಗೂ ಸಾಕಾಗಿತ್ತು, ನನಗೂ. ಏಣಿ ತಂದೆ.

ಕಿಂಡಿ ಮುಚ್ಚಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಬ್ಯಾರನ್ನಿಗೆ ಬೆಂಕಿ ಹಾಕುವುದೆಂದರೆ ಮೊದಲು ಕಿಂಡಿ ಮುಚ್ಚುವುದು. ಹಸಿ ಸೊಪ್ಪು ಮುಚ್ಚಿದ ಕೋಣೆಯಲ್ಲಿ ಬೆವರಿ ಹಳದಿಗೆ ತಿರುಗಬೇಕು. ಆಮೇಲೆ ಒಂದೊಂದೇ ಕಿಂಡಿ ತೆಗೆದು ಒಣಗಿಸುವುದು. ನಾನು ನಡೆಯಲು ಕಲಿತ ಕಾಲದಿಂದ ನೋಡಿದ್ದು ಅದೇ. ಬೆವರಿಸಲು ಒಳಗೆ ಸೊಪ್ಪೇ ಇರಲಿಲ್ಲ. ಆದರೂ ಚಪ್ಪರದಲ್ಲಿ ಹುರುಳಿ ಕೇರುತ್ತಿದ್ದ ದೊಡ್ಡವ್ವ, "ಎಲ್ಲ ಮುಚ್ಚಿದ್ರೇನವ್ವ? ಸಂದಿ ಉಳಿದಾತು, ನೋಡು," ಎಂದಳು. ನಾನು ಹಿಂದಿನ ಗೋಡೆಗೆ ಹೋಗಿ ಇನ್ನೊಂದು ಸಲ ನೋಡಿ ಬಂದೆ.

ಬಿಡದೆ ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಆ ದಿನ ಮಾಡಲಿಲ್ಲ. ಪ್ರತಿ ವರ್ಷ ಬೆಂಕಿ ಹಾಕುವ ಮುಂಚೆ ಕೊಳವೆಯ ಕೂಡುಗಳಿಗೆಲ್ಲ ದೊಡ್ಡವ್ವ ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದಳು, ಕಿಡಿ ಒಳಗೆ ಬೀಳದಿರಲಿ ಎಂದು. ಈ ಸಲ, "ಸೊಪ್ಪಲ್ವಲ್ಲ, ಎರಡು ಸೌದೆ ತಾನೆ," ಎಂದು ಅವಳೇ ಬಿಟ್ಟಳು.

ಹನ್ನೊಂದರ ಹೊತ್ತಿಗೆ ಅಕ್ಕ ಒಂದು ಸಲ ಅಚ್ಚು ಮುಟ್ಟಿ ನೋಡುತ್ತೇನೆಂದು ಎದ್ದಳು. ನಾನು ಕೈಯಲ್ಲಿದ್ದ ಮುದುಕಿಯ ಎಡಗೈಯನ್ನು ಉಜ್ಜುತ್ತಲೇ ಅವಳ ಹಿಂದೆ ಹೋದೆ. ದೊಡ್ಡವ್ವ ಮೊರದಿಂದ ತಲೆ ಎತ್ತದೆ, "ಎದುರಿಗೆ ನಿಲ್ಬೇಡ. ಮೊದ್ಲು ಅದು ಉಸ್ರು ಬುಡ್ಲಿ," ಎಂದಳು. ಬೇಯುವ ಸೊಪ್ಪಿನ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆಂದು ಎಲ್ಲರಿಗೂ ಹೇಳುವ ಮಾತು ಅದು. ಅಕ್ಕ ಬಾಗಿಲಿನ ಪಕ್ಕಕ್ಕೆ ನಿಂತೇ ಅಗುಳಿ ತೆಗೆದಳು. ಬಾಗಿಲು ಹೊರಗೆ ತೆರೆದುಕೊಂಡಿತು. ವಾಸನೆ ಬಂತು.

ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲಿ. ಥಿನ್ನರ್‌ನ ಸಿಹಿ, ಮೂಗು ಕೊರೆಯುವ ವಾಸನೆ, ಒಂದು ಕೋಣೆ ತುಂಬ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಕೂರುತ್ತದೆ, ಕೂಡು ಮೆತ್ತದ ಕೊಳವೆ ಇರುವುದೂ ನೆಲದಲ್ಲೇ. ಇದಿಷ್ಟೂ ನನಗೆ ಗೊತ್ತಿತ್ತು. ಆಮೇಲೆ ಹೊಳೆದದ್ದಲ್ಲ, ಆ ಕ್ಷಣದಲ್ಲೇ, ಪರೀಕ್ಷೆಯ ಉತ್ತರದ ಹಾಗೆ, ಸಾಲುಸಾಲಾಗಿ ಗೊತ್ತಿತ್ತು. ಬೇಡ ಅಕ್ಕ ಎನ್ನಲು ಬಾಯಿ ತೆರೆದೆ. ಬಿ.ಎಸ್ಸಿ. ಮೇಡಂ ಎನ್ನುತ್ತಾಳೆ ಅನ್ನಿಸಿತು. ಬಾಯಿ ಮುಚ್ಚಿದೆ. ಅಕ್ಕ ಬಗ್ಗಿ, ಒಂದು ಕಾಲನ್ನು ಹೊಸ್ತಿಲ ಮೇಲಿಟ್ಟು, ತಟ್ಟಿಯ ಕಡೆಗೆ ಬಲಗೈ ಚಾಚಿದಳು.

"ಇನ್ನೂ ಬುಡ್ಲಿ ಅಂದ್ನಲ್ಲಮ್ಮಿ!" ಎಂದು ದೊಡ್ಡವ್ವ ಕೂಗಿದಳು.

ಅಕ್ಕ ಮುಖವನ್ನು ಹೊರಗೆ ತಿರುಗಿಸಿ, "ಒಳಗಿರೋದು ಸೊಪ್ಪಲ್ಲ ಕಣವ್ವ, ಬೊಂ—" ಎಂದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಕಂಬಳಿಯನ್ನು ಕೊಡವಿದ ಹಾಗೆ ಬುಸ್ ಎಂದಿತು. ನೆಲದಿಂದ ನೀಲಿಯಾಗಿ ಎದ್ದದ್ದು ಬಾಗಿಲಿಗೆ ಬರುವಷ್ಟರಲ್ಲಿ ಹಳದಿಯಾಗಿತ್ತು. ಅಕ್ಕ ಹಿಂದಕ್ಕೆ ಬಂದು ಬಿದ್ದಳು. ಹಾರಿದಳೋ, ಅದು ನೂಕಿತೋ, ಎಷ್ಟು ಸಲ ನೆನಪಿಸಿಕೊಂಡರೂ ನನಗೆ ಸ್ಪಷ್ಟವಾಗುವುದಿಲ್ಲ. ದೊಡ್ಡವ್ವ ಹುರುಳಿ ಚೆಲ್ಲಿ ಓಡಿ ಬಂದು, ಸೀರೆಯ ಸೆರಗಿನಿಂದ ಅವಳ ತೋಳನ್ನು ಸುತ್ತಿ ಅದುಮಿದಳು. ಆಮೇಲೆ ಒಲೆಯ ಬಾಯಿಗೆ ಹೋಗಿ ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದು ಕೊಡದ ನೀರು ಸುರಿದಳು. ನಾನು ನಿಂತಿದ್ದೆ.

"ನೀರು ತಾ ಅಮ್ಮಿ! ನಿಂತೀಯಲ್ಲ ಮರದಂಗೆ!"

ಆಗ ಕೈ ಬಿಚ್ಚಿದೆ. ಮುದುಕಿಯ ಎಡಗೈಯ ಕಿರುಬೆರಳು ನನ್ನ ಮುಷ್ಟಿಯಲ್ಲಿ ಮುರಿದುಹೋಗಿತ್ತು.

ಗೂಡ್ಸ್ ಆಟೋದಲ್ಲಿ ಹುಣಸೂರಿಗೆ ಹೋಗುವಾಗ ಅಕ್ಕನ ಕೈಯ ಮೇಲೆ ತಣ್ಣೀರು ಹೊಯ್ಯುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದ ನರ್ಸಮ್ಮ, "ಸಿಲಿಂಡರಾ?" ಎಂದರು.

"ಬ್ಯಾರನ್ನು," ಎಂದಳು ಅಕ್ಕ.

"ನೀವು ಸೊಪ್ಪು ಬಿಟ್ಟು ಎಷ್ಟೋ ವರ್ಷ ಆಯ್ತು ಅಂತಾರಲ್ಲ ನಿಮ್ಮವ್ವ?"

"ಬೊಂಬೆ ಒಣಗಿಸ್ತಿದ್ವಿ."

ಅವರು ಅಕ್ಕನ ಮುಖ ನೋಡಿ ಮತ್ತೆ ಡ್ರೆಸ್ಸಿಂಗಿಗೆ ಬಗ್ಗಿದರು. ಹುಬ್ಬು, ರೆಪ್ಪೆ, ಮುಂದಲೆಯ ಕೂದಲು ಸುಟ್ಟಿದ್ದವು. ಮುಖ ತಿರುಗಿಸಿದ್ದರಿಂದ ಕಣ್ಣು ಉಳಿದಿತ್ತು. ಬಲಗೈ ಮೊಣಕೈತನಕ ಬೊಬ್ಬೆ ಎದ್ದಿತ್ತು. ಬೆರಳು ಮೊದಲಿನಂತೆ ಮಡಚುತ್ತವೆಯೇ ಎಂದು ಅಕ್ಕ ಕೇಳಿದಳು. ಗಾಯ ಒಣಗಲಿ, ನೋಡೋಣ ಎಂದರು ಡಾಕ್ಟರು.

ಒಣಗಲು ಬಹಳ ದಿನ ಹಿಡಿಯಿತು. ಗಾಯ ಕೂಡಿದ ಮೇಲೆ ದಿನವೂ ಸಂಜೆ ಹೋಗಿ ಅವಳ ಬೆರಳಿಗೆ ಎಣ್ಣೆ ಸವರಿ, ಒಂದೊಂದಾಗಿ ಮಡಚಿ ಬಿಡಿಸಿ ಮಾಡಿಸುತ್ತಿದ್ದೆ. ಹೊಸ ಚರ್ಮ ಬಿಗಿಯಾಗಿ ಹೊಳೆಯುತ್ತಿತ್ತು. ಅಕ್ಕ ಬೊಂಬೆಗೆ ಬರೆಯುವ ಪೆನ್ಸಿಲಿನಿಂದ ಎಡಗೈಯಲ್ಲಿ ಹುಬ್ಬು ಬರೆದುಕೊಂಡು ಶಾಲೆಗೆ ಹೋಗತೊಡಗಿದಳು. ಒಂದು ಮೇಲೆ, ಒಂದು ಕೆಳಗೆ. "ಯಾರ ಮೇಲಮ್ಮಿ ಅನುಮಾನ?" ಎಂದು ದೊಡ್ಡವ್ವ ನಕ್ಕಳು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಒಂದು ಸಂಜೆ, ಉಂಗುರದ ಬೆರಳು ಅಂಗೈಗೆ ಇನ್ನೂ ತಾಗದೆ ನಿಂತಿದ್ದಾಗ, ಹೇಳಿದೆ. ಬಾಗಿಲು ತೆಗೆದಾಗ ನನಗೆ ವಾಸನೆ ಬಂದಿತ್ತು, ಏನಾಗಬಹುದೆಂದು ಗೊತ್ತಿತ್ತು, ಬಾಯಿ ತೆರೆದು ಮುಚ್ಚಿದೆ ಎಂದೆ.

ಅಕ್ಕ ಬೆರಳನ್ನೇ ನೋಡುತ್ತಿದ್ದಳು.

"ಯಾಕೆ ಮುಚ್ಚಿದೆ?"

"ನೀನು ನಗ್ತೀಯ ಅಂತ."

ಅವಳು ಕೈ ಎಳೆದುಕೊಂಡಳು. ಹೊರಗೆ ದೊಡ್ಡವ್ವ ಯಾರನ್ನೋ ಬೈಯುತ್ತಿದ್ದದ್ದು ಕೇಳಿಸುತ್ತಿತ್ತು. "ಹೌದು, ನಗ್ತಿದ್ದೆ," ಎಂದಳು. ಮತ್ತೆ, "ವಾಸನೆ ನನಗೂ ಬಂತು. ಚೆನ್ನಾಗಿ ಒಣಗ್ತಿದೆ ಅನ್ಕೊಂಡೆ," ಎಂದಳು. ಮತ್ತೆ ಕೈ ಚಾಚಿದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಬೆರಳು ಮಡಚಿಸುವುದನ್ನು ಮುಂದುವರಿಸಿದೆ.

ಒಳಗಿದ್ದ ಅಚ್ಚುಗಳು ಸುಟ್ಟುಹೋಗಿದ್ದವು, ಜೇಡಿಯ ಮುಖ ಚಪ್ಪರದಲ್ಲಿದ್ದುದರಿಂದ ಉಳಿದಿತ್ತು. ಚಳಿಗಾಲದ ಒಣ ಹವೆಯಲ್ಲಿ ಹೊಸ ಅಚ್ಚು ಮಾಡಿದೆವು. ಮುದುಕಿಗೆ ಎಲಾಸ್ಟಿಕ್ ಎಳೆಯುವ ದಿನ ಅಕ್ಕನ ಬಲಗೈಗೆ ದಾರ ಹಿಡಿಯಲು ಬಂತು, ಎಳೆದು ನಿಲ್ಲಿಸಲು ಬಲ ಸಾಲಲಿಲ್ಲ. ಅವಳು ಹಿಡಿದಳು, ನಾನು ಎಳೆದೆ. "ಇನ್ನೂ. ಇನ್ನೂ ಸ್ವಲ್ಪ. ಸಾಕು," ಎಂದು ಅವಳು ಹೇಳುತ್ತ ಹೋದಳು. ಎರಡು ಸಲ ಮುದುಕಿ ನನ್ನ ಹೊಟ್ಟೆಗೆ ಒದ್ದಳು. ಮೂರನೆಯ ಸಲ ಕೂತಳು.

ಉಳಿದ ದಾರವನ್ನು ಅಕ್ಕ ಎಂಟು ತುಂಡು ಮಾಡಿ ಬ್ಯಾರನ್ನಿಗೆ ನಡೆದಳು. ಕಿಂಡಿಯ ಮುಚ್ಚಳಗಳನ್ನೆಲ್ಲ ಪೂರ್ತಿ ತೆರೆದು, ಗೋಡೆಗೆ ಮೊಳೆ ಹೊಡೆದು, ಒಂದೊಂದನ್ನೂ ಎಲಾಸ್ಟಿಕ್‌ನಿಂದ ಹಿಂದಕ್ಕೆ ಬಿಗಿದೆವು. ಯಾರಾದರೂ ಅಭ್ಯಾಸದ ಮೇಲೆ ಮುಚ್ಚಿ ಕೈ ಬಿಟ್ಟರೂ ತಾನಾಗಿ ತೆರೆದುಕೊಳ್ಳುತ್ತದೆ. ಮೇಲಿನ ಎರಡಕ್ಕೆ ನಾನೇ ಏಣಿ ಹತ್ತಿದೆ. ಅಕ್ಕ ಕೆಳಗೆ ಎಡಗೈಯಲ್ಲಿ ಏಣಿ ಹಿಡಿದು ನಿಂತಿದ್ದಳು.

"ಮುಚ್ಚಿ ನೋಡು," ಎಂದಳು.

ಮುಚ್ಚಿ ಕೈ ಬಿಟ್ಟೆ. ಪಟ್ ಎಂದು ತೆರೆದುಕೊಂಡಿತು. ಇನ್ನೊಂದು ಸಲ ಮುಚ್ಚಿ ನೋಡಿದೆ.