ಬುಖಾರದ ಬಾಕು

ತುರುವನೂರಿನ ದುರುಗಣ್ಣ ಸೈನ್ಯದಲ್ಲಿ ಆಯುಧ ರಿಪೇರಿ ಮಾಡುತ್ತಿದ್ದವನು. ಲೇಹ್‌ನಲ್ಲಿದ್ದಾಗ, ಯಾರ್ಕಂದ್ ಕಡೆಯ ವ್ಯಾಪಾರಿಗಳು ಹಿಂದೆಂದೋ ಬಿಟ್ಟುಹೋಗಿದ್ದ ಬಾಕೊಂದನ್ನು ಬಜಾರಿನಲ್ಲಿ ಕೊಂಡ. ಹುಚ್ಚು ಅಲ್ಲಿಂದ ಹಿಡಿಯಿತು. ನಿವೃತ್ತನಾಗಿ ಬರುವಾಗ ಅವನ ಟ್ರಂಕಿನ ತುಂಬ ಮಧ್ಯ ಏಷ್ಯಾದ ಹಳೆಯ ಬಾಕುಗಳಿದ್ದವು.

ಚಿತ್ರದುರ್ಗದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಿರಂಜನ್‌ಗೆ ಈ ಹುಚ್ಚು ಹತ್ತಿಸಿದವನೂ ಅವನೇ. ಆತ ಅಣ್ಣ ಅಣ್ಣ ಎಂದು ಹಿಂದೆ ಸುತ್ತುವುದು ದುರುಗಣ್ಣನಿಗೆ ಹಿತವಾಗಿತ್ತು.

ಹೋದ ವರ್ಷ ನಿರಂಜನ್ ಹೈದರಾಬಾದಿನಿಂದ ಒಂದು ಬಾಕು ತಂದು ಅವನ ಕೈಗಿಟ್ಟ. ಮಧ್ಯ ಏಷ್ಯಾದ ಬುಖಾರ ಪಟ್ಟಣದ್ದು. ಒರೆಯ ತುಂಬ ನೀಲಿ ಫಿರೋಜಾ ಕಲ್ಲು; ಅಲಗನ್ನು ವಾಲಿಸಿದರೆ ಉಕ್ಕಿನೊಳಗೆ ನೀರು ಅಲುಗಿದಂಥ ಗೆರೆಗಳು. ಇಂಥದ್ದಕ್ಕಾಗಿ ದುರುಗಣ್ಣ ಅರ್ಧ ಆಯುಷ್ಯ ಕಾದಿದ್ದ. ಅದು ನಿನ್ನೆ ಮೊನ್ನೆ ಕಲಿತವನಿಗೆ ಸಿಕ್ಕಿತ್ತು.

"ಹೆಂಗೈತಣ್ಣ?"

"ಡೂಪ್ಲಿಕೇಟ್ ಕಣಪ್ಪ. ಟೂರಿಸ್ಟ್‌ಗಳಿಗೆ ಅಂತ ಮಾಡ್ತಾರೆ. ನಿಂಗ್ಯಾರೋ ಟೋಪಿ ಹಾಕವ್ರೆ."

ನಿರಂಜನ್ ಮುಖ ಸಣ್ಣದಾಯಿತು. ಅವನು ಹೋದ ಮೇಲೆ ಟೀ ಲೋಟ ಎತ್ತಲು ಬಂದ ಹೆಂಡತಿ ಏಕಾಂತಮ್ಮ, "ಅಸಲಿ ಅಂತ ನಿಮ್ಮ ಮುಖಾನೇ ಹೇಳ್ತಿತ್ತು" ಎಂದಳು.

ಆ ಬಾಕು ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ. ಕೊನೆಗೆ ಫೋನ್ ಮಾಡಿದ. "ಆ ಡೂಪ್ಲಿಕೇಟು ನಂಗೇ ಕೊಟ್ಬಿಡಪ್ಪ, ಸುಮ್ನೆ ಇಟ್ಕಂತೀನಿ."

"ಅಯ್ಯೋ, ಶ್ರೀರಾಂಪುರದ ಬಸವೇಶಂಗೆ ಕೊಟ್ಬಿಟ್ನಲ್ಲಣ್ಣ. ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡ್ತಾನಲ್ಲ, ಅವನಿಗೆ."

ದುರುಗಣ್ಣ ಮೊದಲ ಬಸ್ಸಿಗೇ ಹೊರಟ. ಬಸವೇಶ್ ಕಿರೀಟ, ಗದೆಗಳ ನಡುವಿನಿಂದ ಬಾಕನ್ನು ಹುಡುಕಿ ತೆಗೆದ. "ಪಾತ್ರ ಮಾಡೋರಿಗೆ ತಾಗೀತು ಅಂತ ಗ್ರೈಂಡರ್ ಹಿಡಿಸ್ದೆ. ನೋಡ್ರಿ, ಈಗೆಂಗೆ ಹೊಳೀತೈತೆ."

ಅಂಚು ಮೊಂಡಾಗಿತ್ತು. ನೀರಿನ ಗೆರೆ ಒಂದೂ ಉಳಿದಿರಲಿಲ್ಲ.

ಬಸವೇಶನನ್ನು ಕಾಡಿ ಬೇಡಿ ಅದನ್ನು ಇಸಿದುಕೊಂಡ ದುರುಗಣ್ಣ ನೇರವಾಗಿ ನಿರಂಜನ್ ಮನೆಗೆ ಹೋದ. "ಅಸಲಿನೇ ಇತ್ತಪ್ಪ. ನಂಗೆ ತಡೀಲಾರದ ಹೊಟ್ಟೆಕಿಚ್ಚು" ಎಂದ.

ನಿರಂಜನ್ ಅಲಗನ್ನು ಬಹಳ ಹೊತ್ತು ನೋಡಿದ. "ಅವತ್ತೇ ಕೇಳಿದ್ರೆ ನಾನೇ ಕೊಡ್ತಿದ್ನಲ್ಲಣ್ಣ" ಎಂದವನು ಅದನ್ನು ಒಳಗಿಟ್ಟು ಬಂದ. ಆಮೇಲೆ ಎಷ್ಟೋ ತಿಂಗಳು ತುರುವನೂರಿನ ಕಡೆ ಸುಳಿಯಲಿಲ್ಲ.

ಈಗ ಹೋಗಿಬಂದು ಮಾಡುತ್ತಾರೆ, ಬಾಕುಗಳ ಮಾತು ಮಾತ್ರ ತೆಗೆಯುವುದಿಲ್ಲ. ಬುಖಾರದ್ದು ನಿರಂಜನ್ ಮನೆಯ ಗಾಜಿನ ಬೀರುವಿನಲ್ಲಿದೆ. ದುರುಗಣ್ಣ ಅದಕ್ಕೆ ಬೆನ್ನು ಹಾಕಿ ಕೂರುತ್ತಾನೆ. ಮೊಂಡಾಗಿದ್ದರೇನು, ಅದು ತನ್ನ ಮನೆಯಲ್ಲಿರಬೇಕಿತ್ತು ಎಂದು ಅವನಿಗೆ ಇಂದಿಗೂ ಅನಿಸುತ್ತದೆ.