ವ್ಯಾಗನ್ನಿನೊಳಗಿನ ಎತ್ತು

ಮಾನಪ್ಪನ ಬೆನ್ನ ಮೇಲೆ ಈ ಊರಿನ ಅರ್ಧ ಮನೆಗಳು ಹಾದುಹೋಗಿವೆ ಅಂದರೆ ಸುಳ್ಳಲ್ಲ. ಕೆ.ಆರ್.ಪುರದ ಆಚೆಗಿನ ಗೂಡ್ಸ್ ಸ್ಟೇಷನ್ನಿನಲ್ಲಿ ಅವನು ಹದಿನೆಂಟು ವರ್ಷದಿಂದ ಹಮಾಲಿ, ಈಗ ಗ್ಯಾಂಗಿನ ಮೇಸ್ತ್ರಿ. ಮೊದಲು ಅಲ್ಲಿಗೆ ಗೊಬ್ಬರ, ಉಪ್ಪು, ಗೋಧಿ ಎಲ್ಲ ಬರುತ್ತಿತ್ತಂತೆ, ಈಗ ಸಿಮೆಂಟೊಂದೇ. ಅದೂ ಎಲ್ಲಿಂದ? ಅವನದೇ ಸೇಡಂ ಸೀಮೆಯಿಂದ. ಮಹದೇವಪುರದ ಅಪಾರ್ಟ್‌ಮೆಂಟು ಏಳುವುದಕ್ಕೆ ಅವನೂರಿನ ನೆಲವೇ ಪುಡಿಯಾಗಿ ಬರಬೇಕು, ನೋಡಿ!

ಹೆಂಡತಿ ಜಟ್ಟೆಮ್ಮ ಖಾಲಿಯಾದ ವ್ಯಾಗನ್ನು ಗುಡಿಸುವವಳು. ಅವಳಿಗೆ ತವರು ಅಂತ ಉಳಿದಿದ್ದವನು ತಮ್ಮ ಈರೇಶ ಒಬ್ಬನೇ. ಹುಟ್ಟು ಮೂಗ, ಕಿವಿಯೂ ಕೇಳದು. ಫೋನು ಕೊಟ್ಟು ಏನು ಮಾಡುವುದು? ಅವನು ಊರಿನಲ್ಲಿ ಅದೇ ಸಿಮೆಂಟನ್ನು ವ್ಯಾಗನ್ನಿಗೆ ತುಂಬುತ್ತಿದ್ದ. ಪ್ರತಿ ಗಾಡಿಯ ಮೊದಲ ವ್ಯಾಗನ್ನಿನ ಒಳಗೋಡೆಗೆ ಚಾಕ್‌ಪೀಸಿನಲ್ಲಿ ಒಂದು ಎತ್ತು ಬರೆದು ಕಳಿಸುತ್ತಿದ್ದ. ಅಕ್ಕಾ, ಚೆನ್ನಾಗಿದ್ದೇನೆ ಅಂತ ಅದರರ್ಥ. ಗುಡಿಸಿ ಮುಗಿಸಿದ ಮೇಲೆ ಜಟ್ಟೆಮ್ಮ ಪಕ್ಕದಲ್ಲೊಂದು ಹೂವು ಬರೆಯುತ್ತಿದ್ದಳು. ಖಾಲಿ ಗಾಡಿ ವಾಪಸು ಅಲ್ಲಿಗೇ ಹೋಗುತ್ತದಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ, ಗಾಡಿ ಬಂದು ನಿಂತ ಹೊತ್ತಿಗೇ ಮಾನಪ್ಪನ ಫೋನು ಬಡಿದುಕೊಂಡಿತು. ಎದೆ ಹಿಡಿದುಕೊಂಡು ಕೂತ ಈರೇಶ ಮತ್ತೆ ಎದ್ದಿರಲಿಲ್ಲ.

“ಮಣ್ಣಿಗೆ ಬರ್ತೀರೇನ್ರಿ? ನಾಳಿ ತನಕ ಕಾಯ್ತೀವಿ,” ಅಂದರು ಊರಿನವರು.

ಮಾನಪ್ಪ ಸಾಲಾಗಿ ನಿಂತ ಇಪ್ಪತ್ತು ವ್ಯಾಗನ್ನು ನೋಡಿದ. ಒಂಬತ್ತು ತಾಸಿನೊಳಗೆ ಎಲ್ಲ ಖಾಲಿಯಾಗಬೇಕು. ತಪ್ಪಿದರೆ ಮುಂದಿನ ಗಾಡಿ ಬೇರೆ ಗ್ಯಾಂಗಿನ ಪಾಲು. ಅರವತ್ತು ಜನ ಅವನ ಬಾಯಿ ನೋಡುತ್ತಾ ನಿಂತಿದ್ದರು.

“ನೀವೇ ಮಣ್ಣು ಮುಗಿಸಿಬಿಡ್ರಿ,” ಅಂದುಬಿಟ್ಟ ಫೋನಿನಲ್ಲಿ.

ಆ ಗಾಡಿಯಲ್ಲೂ ಈರೇಶನ ಎತ್ತು ಇತ್ತು. ಜಟ್ಟೆಮ್ಮ ಹೂವು ಬರೆದಳು. ಸಂಜೆ ಹೇಳಿದರಾಯಿತು ಅಂದುಕೊಂಡಿದ್ದ ಮಾನಪ್ಪನಿಗೆ ಸಂಜೆ ನಾಲಿಗೆ ಏಳಲಿಲ್ಲ. ಜೊತೆಯ ಹಮಾಲಿ ಕರೀಂ ದಿನಾ ಬೈಯುತ್ತಿದ್ದ: “ಹೇಳ್ಬಿಡು ಗುರು, ಇದು ಮುಚ್ಚಿಡೋ ಮಾತಾ?” ಇವನು ಮಾಡಿದ್ದೇನು? ಥೂ! ಮುಂದಿನ ಗಾಡಿ ಬಂದಾಗ ಸೀಲು ಒಡೆದು, ಎಲ್ಲರಿಗಿಂತ ಮೊದಲು ಚೀಲಗಳ ಮೇಲೆ ಹತ್ತಿ ಒಳಹೊಕ್ಕು ತಾನೇ ಎತ್ತು ಬರೆದ. ಅದರ ಮುಂದಿನ ಗಾಡಿಯಲ್ಲೂ ಬರೆದ.

ಆವತ್ತು ಜಟ್ಟೆಮ್ಮ ಪೊರಕೆ ನಿಲ್ಲಿಸಿ ಗೋಡೆಯನ್ನೇ ನೋಡಿದಳು. ಮಾನಪ್ಪ ವ್ಯಾಗನ್ನಿನ ಬಾಗಿಲಲ್ಲಿದ್ದ.

“ಈರೇಶ ಎಡಚ,” ಅಂದಳು. “ಅವನ ಎತ್ತಿನ ಮಾರಿ ಯಾವತ್ತೂ ಬಲಕ್ಕ. ಇದು ಎಡಕ್ಕ ನೋಡ್ತದ. ಹೋದ ಗಾಡ್ಯಾಗೂ ಹಿಂಗ ಇತ್ತು. ನೀವೇ ಬಾಯಿ ಬಿಡ್ತೀರಂತ ಕಾದೆ.”

ಮಾನಪ್ಪ ಅಲ್ಲೇ ಕೂತು ಎಲ್ಲ ಹೇಳಿದ. ನಾಳೆಯ ತನಕ ಕಾಯುತ್ತೇವೆ ಅಂದಿದ್ದನ್ನೂ ಬಚ್ಚಿಡಲಿಲ್ಲ.

“ಬೆನ್ನಿಗೆ ಬಿದ್ದ ತಮ್ಮ ಅವ!” ಅಂತ ಚೀರಿದಳು ಜಟ್ಟೆಮ್ಮ. ಪೊರಕೆ ಅವನ ಎದೆಗೆ ಬಡಿದು ಕೆಳಗೆ ಬಿತ್ತು. “ನಿಮ್ಮ ಗಾಡಿ ಖಾಲಿ ಆಗ್ಲಿಕ್ಕ ನನಗ ಒಂದು ಹಿಡಿ ಮಣ್ಣು ಹಾಕಲಾರ್ದಂಗ ಮಾಡಿದ್ರಲ್ಲ!”

ಅತ್ತು ಅತ್ತು ಸುಸ್ತಾದ ಮೇಲೆ ಅವಳು ತಾನೇ ಗುಡಿಸಿಟ್ಟ ಸಿಮೆಂಟಿನ ರಾಶಿಗೆ ಕೈ ಹಾಕಿದಳು. ಮೂಲೆಗೆ ಒಂದು ಹಿಡಿ ಬಿಟ್ಟಳು. ಮತ್ತೊಂದು ಹಿಡಿ, ಇನ್ನೊಂದು ಹಿಡಿ.

“ಇದನ್ನ ಯಾರೂ ಗುಡಿಸಬ್ಯಾಡ್ರಿ,” ಅಂದಳು. “ನಮ್ಮೂರ ಮಣ್ಣು. ಅವನ ಕಡೆ ಹೋಗ್ಲಿ.”

ಅವಳು ಕೆಳಗಿಳಿದ ಮೇಲೆ ಮಾನಪ್ಪ ಎದ್ದು ವ್ಯಾಗನ್ನಿನ ಬಾಗಿಲು ಎಳೆದು ಚಿಲಕ ಹಾಕಿದ.