ನುಸಿ ಕಡಿಯಲೆಂದು ಕಟ್ಟಿದ ಕುರಿ

ಟಿಕೋಟಾದ ದನದ ಡಾಕ್ಟರು ಘೋಣಸಗಿಯ ನಮ್ಮ ಹಿತ್ತಲಿಗೆ ಒಂದು ಕುರಿ ತಂದು ಕಟ್ಟಿಸಿದಾಗ, ಇದಕ್ಕೆ ಮೇವು ಯಾರು ಹಾಕಬೇಕು ಎಂದೇ ಮೊದಲು ಕೇಳಿದೆ. ನನ್ನ ಬಾಯಿ ಅಷ್ಟು ಒಳ್ಳೆಯದಲ್ಲ.

"ಮೇವು ನಾವ ಕೊಡ್ತೀವ್ರಿ. ನೀವು ಇದನ್ನ ಬಯಲಾಗ ಕಟ್ರಿ ಸಾಕು. ಲಸಿಕಿ ಇಲ್ಲ, ಹೊಗಿ ಇಲ್ಲ. ನುಸಿ ಕಡೀಲಿ. ತಿಂಗಳಿಗೊಮ್ಮೆ ಬಂದು ರಕ್ತ ಒಯ್ತೀನಿ" ಎಂದರು.

ಸೊಳ್ಳೆಗಿಂತ ಸಣ್ಣ ಈ ನುಸಿ ಕುರಿಗಳಿಗೆ ನೀಲಿ ನಾಲಿಗೆ ರೋಗ ತರುತ್ತದೆ. ಕಟ್ಟಿದ ಕುರಿಯ ರಕ್ತದಲ್ಲಿ ಅದರ ಗುರುತು ಕಂಡರೆ ಹಿಂಡಿನವರನ್ನೆಲ್ಲ ಎಚ್ಚರಿಸಬಹುದು. ಇಷ್ಟು ನನಗೂ ತಿಳಿದಿತ್ತು.

ತಿಳಿದೇನು ಬಂತು? ದೀಪ ಹಚ್ಚುವ ಹೊತ್ತಿಗೆ ಮುತ್ತುವ ನುಸಿಗೆ ಕೊಟ್ಟಿಗೆಯಲ್ಲಿ ಬೇವಿನ ತಪ್ಪಲಿನ ಹೊಗೆ ಹಾಕುವುದು ನಮ್ಮಲ್ಲಿ ದಿನದ ಕೆಲಸ. ಎಮ್ಮೆಗಳು ಹೊಗೆಯಲ್ಲಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದರೆ ಆ ಕುರಿ ಹೊರಗೆ ಕಾಲು ಬಡಿಯುತ್ತ ನನ್ನನ್ನೇ ನೋಡುತ್ತಿತ್ತು. ನಾಲ್ಕು ದಿನ ಮುಖ ತಿರುಗಿಸಿದೆ. ಐದನೆಯ ಸಂಜೆ ಒಳಗೆ ತಂದು ಎಮ್ಮೆಗಳ ಪಕ್ಕದಲ್ಲಿ ಕಟ್ಟಿದೆ, ಬೆಳಗಾದ ಮೇಲೆ ಹೊರಗೆ. ಆಮೇಲೆ ಅದೇ ರೂಢಿಯಾಯಿತು. ಡಾಕ್ಟರಿಗೆ ಹೇಳಲಿಲ್ಲ.

ಎರಡು ಸಲ ರಕ್ತ ಒಯ್ದರು. ಎರಡೂ ಸಲ ಏನೂ ಇಲ್ಲ ಎಂದು ಬಂತು.

ಸಾರವಾಡದ ನನ್ನ ತಮ್ಮ ಆಗ ನಮ್ಮೂರ ಹೊಲಗಳಲ್ಲೇ ತನ್ನ ಕುರಿಹಿಂಡು ತರುಬಿ ಬೀಡುಬಿಟ್ಟಿದ್ದ. ಸಣ್ಣವನಿದ್ದಾಗಿನಿಂದ ಏನು ಮಾಡುವುದಿದ್ದರೂ ನನ್ನನ್ನು ಕೇಳಿಯೇ ಮಾಡುವವನು.

"ಅಕ್ಕಾ, ಲಸಿಕಿ ಹಾಕಸ್ಲೇನು? ಕುರಿ ಗಬ್ಬ ಅದಾವು, ಸೂಜಿ ಚುಚ್ಚಿದ್ರ ಕಂದು ಹಾಕ್ತಾವೇನೋ ಅಂತ ಅಂಜಿಕಿ."

"ಈಯೂತನಕ ತಡಿಯೋ. ನಮ್ಮ ಕುರಿ ರಕ್ತ ಚೊಕ್ಕ ಬಂದೈತಿ" ಎಂದೆ, ನಾನೇ ಡಾಕ್ಟರು ಎಂಬಂತೆ.

ಹದಿನೈದು ದಿನದೊಳಗೆ ಅವನ ಕುರಿಗಳ ತುಟಿ ಬಾತವು, ನಾಲಿಗೆ ನೀಲಿಗಟ್ಟಿತು. ಗಬ್ಬದವು ಮೊದಲು ಸತ್ತವು. ತಮ್ಮ ಗಂಜಿ ಕಾಯಿಸಿ ಬೆರಳಿನಿಂದ ಬಾಯಿಗೆ ಹಚ್ಚುತ್ತಿದ್ದ. ಅವು ನುಂಗುತ್ತಿರಲಿಲ್ಲ.

ಡಾಕ್ಟರು ಬಂದು ನಮ್ಮ ಕುರಿಯ ಬಾಯಿ ತೆರೆದು ನೋಡಿದರು. "ಸುತ್ತೆಲ್ಲ ರೋಗ ಐತಿ. ಇದೊಂದಕ್ಕ ಯಾಕ ಬಂದಿಲ್ರಿ?"

ನಾನು ಉತ್ತರಿಸುವ ಮೊದಲೇ ತಮ್ಮ ಹೇಳಿದ: "ನಮ್ಮಕ್ಕನ ಕೈಗುಣ ರೀ ಸಾಹೇಬ್ರ. ಆಕಿ ಸಾಕಿದ್ದು ಯಾವ ಜೀವಾನೂ ಸಾಯೂದಿಲ್ಲ."

ಹೊಗೆಯ ಸಂಗತಿ ಎಲ್ಲ ಹೇಳಿಬಿಟ್ಟೆ. ಡಾಕ್ಟರು ತಲೆ ಹಿಡಿದುಕೊಂಡು ಕೂತರು. ತಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಈಗಲೂ ಬರುತ್ತಾನೆ. ರೊಟ್ಟಿ ಹಾಕಿದರೆ ಉಣ್ಣುತ್ತಾನೆ, ಮಕ್ಕಳ ಸುದ್ದಿ ಹೇಳುತ್ತಾನೆ. ಉಳಿದ ಕುರಿಗಳನ್ನು ಹೋದ ತಿಂಗಳು ಬಬಲೇಶ್ವರದ ಸಂತೆಯಲ್ಲಿ ಮಾರಿದನಂತೆ. ನನ್ನನ್ನು ಕೇಳಲಿಲ್ಲ.